ಹನ್ನೊಂದೂವರೆಯ ಸುಗಲಮ್ಮ

ಮೂರು ದಿನದಿಂದ ಸೌಂದರ್ಯಾಳ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

ಕೆಲಸವೇನೋ ಹೇಳಲಿಕ್ಕೆ ಸುಲಭ. ದಿಲ್‌ಸುಖ್‌ನಗರದಲ್ಲಿ ಭವಾನಿ ಎಂಬ ಹೃದಯದ ಡಾಕ್ಟರು. ಅವರ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಪಟ್ಟಿ ಎಕ್ಸ್‌ಎಂಎಲ್ ಫೈಲಾಗಿ ಅದೇ ಊರಿನ ಮಾದಾಪುರದಲ್ಲಿರುವ ಇವಳ ಕಂಪನಿಗೆ ಬರುತ್ತಿತ್ತು. ರೋಗಿ ಯಾರು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಅಷ್ಟೇ ಅದರಲ್ಲಿರುವುದು. ಯಾರೂ ಇಲ್ಲದ ಹೊತ್ತನ್ನು ಹುಡುಕಿ ಇಂಟರ್‌ನೆಟ್ಟಿನಲ್ಲಿ ತೋರಿಸಬೇಕು, ಬೇಕಾದವರು ಅಲ್ಲೇ ಹೆಸರು ಹಾಕಿಕೊಳ್ಳಬೇಕು. "ಟೈಮಿಲ್ಲ ಅಂತ ಜನ ವಾಪಸ್ ಹೋಗ್ತಾರೆ. ಒಳಗೆ ನಾನು ವಾರಕ್ಕೆರಡು ದಿನ ಅರ್ಧ ಗಂಟೆ ನೊಣ ಹೊಡೀತಾ ಕೂತಿರ್ತೀನಿ. ಆ ಅರ್ಧ ಗಂಟೆ ಎಲ್ಲಿದೆ, ಹುಡುಕಿಕೊಡಿ" ಎಂದು ಡಾಕ್ಟರು ಕೇಳಿದ್ದರು.

ಇರುವುದನ್ನು ಯಾರಾದರೂ ಹುಡುಕಿಯಾರು. ಇಲ್ಲದ್ದನ್ನು ಹುಡುಕುವುದು ಹೇಗೆ? ಅದೂ ಎಕ್ಸ್‌ಎಸ್‌ಎಲ್‌ಟಿ ಎಂಬ ಆ ಹಟಮಾರಿ ಭಾಷೆಯಲ್ಲಿ! ಅದರಲ್ಲಿ ವೇರಿಯಬಲ್ಲಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಮತ್ತೆ ಬದಲಾಯಿಸುವ ಹಾಗಿಲ್ಲ. ಹಿಂದಿನ ರೋಗಿ ಎದ್ದ ಹೊತ್ತನ್ನು ನೆನಪಿಟ್ಟುಕೊಂಡು ಮುಂದಿನವನ ಹತ್ತಿರ ಹೋಗೋಣವೆಂದರೆ ಆ ಭಾಷೆ ಒಪ್ಪುವುದಿಲ್ಲ. ಬೇರೆ ಭಾಷೆಯಲ್ಲಾಗಿದ್ದರೆ ಹತ್ತು ಸಾಲಿನ ಕೆಲಸ. ಎರಡು ದಿನ ಅದನ್ನು ಬೈದು ಬೈದು ಸಾಕಾಗಿ, ಮೂರನೆಯ ದಿನ ಅವಳಿಗೆ ಉಪಾಯ ಹೊಳೆಯಿತು. ಏನನ್ನೂ ಹೊತ್ತು ಸಾಗುವುದೇ ಬೇಡ. ಒಬ್ಬೊಬ್ಬ ರೋಗಿಯ ಬಳಿಯೂ ನಿಂತು, ಇವನಿಗಿಂತ ಮೊದಲಿನವನು ಯಾವಾಗ ಎದ್ದ ಎಂದು ಹಿಂತಿರುಗಿ ನೋಡಿದರಾಯಿತು. ಅವನು ಎದ್ದದ್ದಕ್ಕೂ ಇವನು ಕೂತದ್ದಕ್ಕೂ ನಡುವೆ ಉಳಿದದ್ದೇ ಖಾಲಿ.

ಬರೆದ ಪ್ರೋಗ್ರಾಮನ್ನು ಓಡಿಸಿದಳು. ಸಂಜೆಯ ಕಡೆ ಐದು ಹತ್ತು ನಿಮಿಷದ ಚೂರುಪಾರು ಸಿಕ್ಕವು. ಡಾಕ್ಟರು ಹೇಳಿದ ಅರ್ಧ ಗಂಟೆಯ ಸುಳಿವೇ ಇಲ್ಲ.

"ಡಾಕ್ಟರ್ ಸುಳ್ಳು ಹೇಳ್ತಾರಾ? ನಿನ್ನ ಕೋಡೇ ತಪ್ಪು" ಎಂದ ಟೀಮ್ ಲೀಡ್ ರವಿಕಿರಣ. ಅವನು ಇದೇ ಊರಿನ ಕುಷಾಯಿಗೂಡದಲ್ಲಿ ಬೆಳೆದ ಮೈಸೂರು ಕಡೆಯವನು, ಬೈದರೂ ಮೆತ್ತಗೆ ಬೈಯುತ್ತಿದ್ದ. "ಶುಕ್ರವಾರ ಡೆಮೊ ಇದೆ. ನಿನ್ನ ಪ್ರೊಬೇಷನ್ನೂ ಅವತ್ತೇ ಮುಗಿಯತ್ತೆ, ನೆನಪಿಟ್ಕೊ."

ಅವಳಿಗೆ ರೋಷ ಉಕ್ಕಿತು. ಪಟ್ಟಿಯ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಲೆಕ್ಕ ಹಾಕಿದಳು. ಕೋಡು ಸರಿಯಾಗಿಯೇ ಇತ್ತು. ಆದರೆ ಒಂದು ಹೆಸರು ಕಣ್ಣಿಗೆ ಹೊಡೆಯಿತು. ಸುಗಲಮ್ಮ, ಹನ್ನೊಂದೂವರೆಯಿಂದ ಹನ್ನೆರಡು. ವಾರಕ್ಕೆ ಆರು ದಿನ, ಎಂಟು ತಿಂಗಳಿಂದ ತಪ್ಪದೆ.

ಸೌಂದರ್ಯಾ ಗಟ್ಟಿಯಾಗಿ ನಕ್ಕುಬಿಟ್ಟಳು. ಆ ಆಫೀಸಿನಲ್ಲಿ ಪ್ರೋಗ್ರಾಮ್ ಪರೀಕ್ಷಿಸಲು ಸುಳ್ಳು ಹೆಸರು ಬೇಕಾದಾಗಲೆಲ್ಲ ಎಲ್ಲರೂ ತಂತಮ್ಮ ತಾಯಂದಿರ ಹೆಸರು ಹಾಕುವುದು ರೂಢಿ. ರವಿಕಿರಣನ ತಾಯಿ ವಿಶಾಲಾಕ್ಷಮ್ಮನವರು ಒಂದು ಪ್ರಾಜೆಕ್ಟಿನಲ್ಲಿ ವಿಮಾನ ಹತ್ತಿದ್ದರು, ಇನ್ನೊಂದರಲ್ಲಿ ಟ್ರಾಕ್ಟರ್ ಕೊಂಡಿದ್ದರು. ಇದೂ ಯಾರದೋ ತಾಯಿಯ ಹೆಸರು, ಅಳಿಸಲು ಮರೆತಿದ್ದಾರೆ. "ಸುಗಲಮ್ಮ ಟೆಸ್ಟ್ ಡೇಟಾ ಇರಬೇಕು. ನಾಳೆ ಕ್ಲಿನಿಕ್ಕಿಗೆ ಹೋಗಿ ಕೇಳಿಕೊಂಡು ಬರುತ್ತೇನೆ" ಎಂದು ರವಿಕಿರಣನಿಗೆ ಮೇಲ್ ಹಾಕಿ ಮನೆಗೆ ಹೋದಳು.

ಮರುದಿನ ಹನ್ನೊಂದಕ್ಕೆ ಕ್ಲಿನಿಕ್ ತಲುಪಿದಳು. ಪಟ್ಟಿ ನೋಡಿಕೊಳ್ಳುತ್ತಿದ್ದ ಯಂಕಮ್ಮ ರಾಯಚೂರು ಕಡೆಯ ಐವತ್ತರ ಹೆಂಗಸು. ಇವಳು ಬೀದರಿನವಳೆಂದು ತಿಳಿದದ್ದೇ ಚಹಾ ತರಿಸಿದಳು. ಸುಗಲಮ್ಮ ಯಾರೆಂದು ಕೇಳಿದ್ದೇ ತಡ, ಆ ಮುಖ ಗಂಟಿಕ್ಕಿತು.

"ಪೇಷಂಟು" ಎಂದಳು. "ಇನ್ಯಾರಿರ್ತಾರ?"

ಹನ್ನೊಂದೂವರೆಯಾಯಿತು. "ಸುಗಲಮ್ಮಾ!" ಎಂದು ಯಂಕಮ್ಮ ಕೂಗಿದಳು. ಮೂಲೆಯಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ, ರುಮಾಲು ಸುತ್ತಿದ ಹುರಿಮೀಸೆಯ ಮುದುಕನೊಬ್ಬ ಎದ್ದು, ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದುಕೊಂಡು ಒಳಗೆ ಹೋದ.

ಸೌಂದರ್ಯಾ ಬಾಯಿ ಬಿಟ್ಟುಕೊಂಡು ನೋಡಿದಳು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಯಂಕಮ್ಮ ದನಿ ತಗ್ಗಿಸಿದಳು.

"ದೇವದುರ್ಗದ ಕಡಿಯವ್ರು. ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಬಂದು ಇಳೀತಾರ. ಫೋನ್ ಮಾಡಿ ಟೈಮ್ ತಗೋಬೇಕಂತ ಅವರಿಗೇನು ಗೊತ್ತೈತಿ? ಫೋನ್ ಮಾಡೋವ್ರು ಒಂದು ವಾರ ಮೊದಲಽ ಎಲ್ಲಾ ತುಂಬಿಸಿಬಿಡ್ತಾರ. ಅದಕ್ಕ ಅರ್ಧ ತಾಸು ಒಂದು ಹೆಸರು ಹಾಕಿ ಹಿಡಿದಿಟ್ಟೀನಿ."

"ಡಾಕ್ಟರಿಗೆ ಹೇಳಬೇಕಿತ್ತಲ್ರೀ?"

"ಹೇಳಿದ್ದೆ. ಎಲ್ಲಾರಿಗೂ ಒಂದಽ ರೂಲ್ಸು ಅಂದ್ರು."

"ಬ್ಯಾರೆಯವ್ರು ಒಳಗ ಹೋದ್ರ ಅವರಿಗೆ ತಿಳಿಯೂದಿಲ್ಲೇನ್ರೀ?"

"ಅವ್ರು ಪಟ್ಟಿ ನೋಡೂದಿಲ್ಲವ್ವಾ, ಎದಿ ನೋಡ್ತಾರ. ಹಳ್ಳಿಯವ್ರು ಯಾರೂ ಬರದ ದಿನ ಖಾಲಿ ಕುಂದರ್ತಾರ, ಅಷ್ಟಽ."

"ಮತ್ತ ಈ ಸುಗಲಮ್ಮ?"

ಯಂಕಮ್ಮ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. "ಇದ್ದಳು. ಮೂರು ಸಲ ಬಂದಿದ್ಳು. ಮೂರು ಸಲಾನೂ ಟೈಮ್ ಇಲ್ಲಂತ ನಾನಽ ಈ ಬಾಯಿಲೆ ಹೇಳಿ ಕಳಿಸಿದೆ. ನಾಕನೇ ಸಲ ಬರಲಿಲ್ಲ. ಆಕಿ ಊರಿನವ್ರು ಬಂದು ಸುದ್ದಿ ಹೇಳಿದ್ರು."

ಡೆಮೊ ಹಾಳಾಗಲಿ, ಕೋಡೇ ತಪ್ಪೆಂದು ಒಪ್ಪಿಕೊಂಡುಬಿಡೋಣ ಎಂದು ಸೌಂದರ್ಯಾ ನಿರ್ಧರಿಸಿದಳು. ಅಷ್ಟರಲ್ಲಿ ಮೊಬೈಲ್ ರಿಂಗಾಯಿತು.

"ಭೇಷ್ ಕಣಮ್ಮಾ!" ರವಿಕಿರಣನ ದನಿ. "ನೀನು ಹೇಳಿದ್ದೇ ಸರಿ, ಟೆಸ್ಟ್ ಡೇಟಾ. ಆ ಹೆಸರು ಬಿಟ್ಟು ಓಡಿಸಿದೆ, ಅರ್ಧ ಗಂಟೆ ಸಿಕ್ತು. ಬೆಳಿಗ್ಗೆಯೇ ಡಾಕ್ಟರಿಗೆ ಕಳಿಸ್ದೆ, ಅವರಿಗೆ ತುಂಬಾ ಖುಷಿ. ಶುಕ್ರವಾರದವರೆಗೆ ಯಾಕೆ, ಈಗಲೇ ಲೈವ್, ಜನ ಹೆಸರು ಹಾಕ್ಕೋಬಹುದು. ನಿನ್ನ ಕನ್ಫರ್ಮೇಷನ್ನಿಗೂ ಬರೆದು ಹಾಕಿದೀನಿ."

"ಸರ್, ಅದು ಟೆಸ್ಟ್ ಡೇಟಾ ಅಲ್ಲ ಸರ್, ತೆಗೀಬ್ಯಾಡ್ರಿ..."

"ಹಾಗಾದ್ರೆ ಡಾಕ್ಟರೇ ಬರೆದು ಕೊಡಲಿ, ಆ ಹೆಸರು ಮತ್ತೆ ಹಾಕೋಣ. ನಮಗ್ಯಾಕೆ?"

ಡಾಕ್ಟರಿಗೆ ಹೇಳಿದರೆ ಎಂಟು ತಿಂಗಳ ಸುಳ್ಳು ಹೊರಬಿದ್ದು ಯಂಕಮ್ಮನ ಕೆಲಸವೇ ಹೋಗುತ್ತದೆ. ಬಾಯಿ ಬಿಡುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಯಂಕಮ್ಮನಿಗೆ ಮುಖ ತೋರಿಸಲಾಗದೆ, ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿ ಆಟೋ ಹತ್ತಿದಳು.

ಆಫೀಸಿಗೆ ಬಂದು ಪುಟ ತೆರೆದಾಗ ಹನ್ನೊಂದೂವರೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಎರಡನ್ನು ಹಿಡಿದವರು ಇವಳ ಆಫೀಸಿನವರೇ. ಒಬ್ಬನಿಗೆ ಕ್ಯಾಂಟೀನಿನ ಮಿರ್ಚಿ ಬಜ್ಜಿ ತಿಂದು ಎದೆಯುರಿ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಸೌಂದರ್ಯಾ, ಉಣ್ಣುವವರು ದೇವದುರ್ಗದ ಬಸ್ಸಿನವರು. ಅವಳಿಗೆ ಎಲ್ಲರಿಗಿಂತ ತನ್ನ ಮೇಲೇ ಸಿಟ್ಟು ಬಂತು. ಎಂಥ ದರಿದ್ರ ಜಾಣತನ! ಒಂದು ಸಂದನ್ನೂ ಬಿಡದ ಹಾಗೆ ಬರೆದಿದ್ದಳು.

ಮುಂದಿನ ಮಂಗಳವಾರದ್ದೊಂದು ಇನ್ನೂ ಉಳಿದಿತ್ತು. ಗಡಬಡಿಸಿ ಅದನ್ನು ಒತ್ತಿ, ಹೆಸರಿನ ಜಾಗದಲ್ಲಿ ಸುಗಲಮ್ಮ ಎಂದು ಬರೆದಳು. ಫೋನ್ ನಂಬರ್ ತನ್ನದೇ ಕೊಟ್ಟಳು. ಹೊಸಬರೋ ಹಳಬರೋ ಎಂದು ಪುಟ ಕೇಳಿತು. ಹಳಬರು ಎಂದಳು.

ಹಿಂದಿನ ದಿನ ಎಲ್ಲರಿಗೂ ಫೋನ್ ಮಾಡಿ ನೆನಪಿಸುವುದು ಕ್ಲಿನಿಕ್ಕಿನ ಪದ್ಧತಿ. ಸೋಮವಾರ ಮಧ್ಯಾಹ್ನ ಸೌಂದರ್ಯಾಳ ಮೊಬೈಲಿಗೆ ಯಂಕಮ್ಮನ ದನಿ ಬಂತು. "ಡಾಕ್ಟರ್ ಭವಾನಿಯವರ ಕ್ಲಿನಿಕ್ಕಿನಿಂದ್ರೀ. ನಾಳೆ ಹನ್ನೊಂದೂವರಿಗೆ..." ಎಂದವಳು ಪಟ್ಟಿಯಲ್ಲಿನ ಹೆಸರು ನೋಡಿ ನಿಂತಳು. "ಬರ್ತಾರೇನು?" ಎಂದು ಕೇಳಿದಳು.

"ಬರ್ತಾರ್ರೀ ಯಂಕಮ್ಮಾ. ಯಾರಂತ ಮಾತ್ರ ನನಗ ಗೊತ್ತಿಲ್ಲ."

ಆಚೆ ಕಡೆ ಯಂಕಮ್ಮ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಭಾಳ ಛಲೋ ಮಾಡಿದಿ ನನ್ನವ್ವಾ. ಇವತ್ತು ಇಬ್ಬರು ಬಂದು ಕುಂತಾರ. ಒಬ್ಬರಿಗೆ ನಾಳೆ ಆತು. ಇನ್ನೊಬ್ಬಾಕಿಗೆ? ಬುಧವಾರಕ್ಕ ನೋಡು."

ಸೌಂದರ್ಯಾ ಪುಟ ನೋಡಿದಳು. ಬುಧವಾರ ನೋಡಿದಳು, ಗುರುವಾರ ನೋಡಿದಳು, ಇಡೀ ವಾರ ನೋಡಿದಳು.

"ಟೈಮ್ ಇಲ್ರೀ" ಎಂದಳು.