ಒಳಅಟ್ಟೆ

ಮಂಗಳವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಎಫ್ರೇನ್ ರೋಚಾನ ಎಡಗಾಲಿನ ಬಿಳಿ ಕಾಲುಚೀಲವನ್ನು ಡಾಕ್ಟರ್ ನೋಯೆಮಿ ಬಿಚ್ಚಿದಳು. ಹುಣ್ಣು ಮತ್ತೆ ಬಂದಿತ್ತು.

ಎಂಟು ತಿಂಗಳ ಹಿಂದೆ ಲಿಯೋನ್ ನಗರದ ಇದೇ ಆಸ್ಪತ್ರೆಯಲ್ಲಿ ಅವನ ಎರಡನೆಯ ಬೆರಳಿನ ಬುಡದ ಮೂಳೆತುದಿಯನ್ನು ಕತ್ತರಿಸಿ ತೆಗೆದಿದ್ದರು. ಹಳೆಯ ಹುಣ್ಣು ಮುಚ್ಚಿತ್ತು. ಇದು ಅದರ ಪಕ್ಕದಲ್ಲಿ, ಮೂರನೆಯ ಬೆರಳಿನ ಬುಡದಲ್ಲಿ, ಹತ್ತು ಪೆಸೊ ನಾಣ್ಯದಷ್ಟು ಅಗಲವಾಗಿತ್ತು. ನೋವಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಆ ಪಾದಕ್ಕೆ ನೋವು ತಿಳಿಯುವುದು ನಿಂತು ಆರು ವರ್ಷವಾಗಿತ್ತು.

"ನಾನು ಕಲೆ ನೋಡಿದ್ದು ಭಾನುವಾರ, ಕಾಲುಚೀಲ ಒಗೀವಾಗ," ಎಂದಳು ಹೆಂಡತಿ ಅಂಪಾರೊ. "ಇವರನ್ನ ಕೇಳಿದ್ರೆ ಕಾಫಿ ಕಲೆ ಅಂದ್ರು. ಕಾಫಿ ಯಾರಾದ್ರೂ ಕಾಲಲ್ಲಿ ಕುಡೀತಾರಾ ಡಾಕ್ಟ್ರೇ?"

"ಇಲ್ಲಿ ಮಾಡ್ಸಿಕೊಟ್ಟ ಆಸ್ಪತ್ರೆ ಶೂ ಹಾಕ್ಕೊಳ್ತಿದ್ರಾ ಎಫ್ರೇನ್ ಅವ್ರೇ?"

"ಮಲಗೋವಾಗ ಮಾತ್ರ ತೆಗೀತೀನಿ."

ಅಷ್ಟರ ಮಟ್ಟಿಗೆ ಅದು ನಿಜ.

ಗಾಯಕ್ಕೆ ಪಟ್ಟಿ ಕಟ್ಟಿ, ಶೂ ಒಳಗೆ ಕಾಗದದಷ್ಟು ತೆಳುವಾದ ಹಾಳೆಯಿಟ್ಟು ನೋಯೆಮಿ ಅವನನ್ನು ಹತ್ತು ಹೆಜ್ಜೆ ನಡೆಸಿದಳು. ಪಾದದ ಭಾರ ಎಲ್ಲಿ ಬೀಳುತ್ತದೆ ಎಂಬುದು ಪರದೆಯ ಮೇಲೆ ಬಣ್ಣವಾಗಿ ಮೂಡಿತು. ಬೆರಳುಗಳ ಬುಡದಲ್ಲಿ ಕಡುಗೆಂಪು.

"ಇಲ್ಲಿ ನೀಲಿ ಇರ್ಬೇಕಿತ್ತು. ಇಲ್ಲಿ ಭಾರ ಬೀಳ್ಬಾರ್ದು ಅಂತಾನೇ ಈ ಶೂ ಮಾಡ್ಸಿದ್ದು." ಅವಳು ಫೋನ್ ಎತ್ತಿ ಶೂ ಮಾಡುವವನನ್ನು ಮೇಲಕ್ಕೆ ಬರಹೇಳಿದಳು. "ರುತಿಲಿಯೊ ಕೆಡಿಸಿದಾನೆ. ಇದು ಎರಡನೇ ಸಲ. ಡಿಸೆಂಬರಿಗೆ ಅವನ ಗುತ್ತಿಗೆ ಮುಗಿಯುತ್ತೆ, ಮುಂದುವರಿಸ್ಬೇಡಿ ಅಂತ ಬರೆದು ಕೊಡ್ತೀನಿ."

ಎಫ್ರೇನ್ ನೆಲ ನೋಡಿದ.

ನಲವತ್ತೊಂದು ವರ್ಷ ಅವನು ಶೂ ಮಾಡಿದವನು. ಅಚ್ಚಿನ ಮೇಲೆ ಚರ್ಮ ಎಳೆದು ಕೂರಿಸುವುದರಲ್ಲಿ ಕೊಎಸಿಯೊ ಬಡಾವಣೆಯಲ್ಲಿ ಅವನದೇ ಕೈ ಎನ್ನುತ್ತಿದ್ದರು. ಆ ಬಡಾವಣೆಯ ಶೂ ಕೆಲಸದವರಿಗೆ ಸೋಮವಾರ ರಜೆ. ಭಾನುವಾರದ ಅಮಲು ಇಳಿಯಲೆಂದು ಅಜ್ಜಂದಿರು ಮಾಡಿಕೊಂಡ ರಜೆ ಅದು; ನಿವೃತ್ತರೂ ಬಿಟ್ಟಿರಲಿಲ್ಲ. ಹನ್ನೊಂದು ಗಂಟೆಗೆ ಮೂಲೆಯಂಗಡಿಯಲ್ಲಿ ಕೂಡುವ ಅವರು ಮುಖಕ್ಕಿಂತ ಮೊದಲು ಕಾಲು ನೋಡುವ ಜನ.

ಆಸ್ಪತ್ರೆಯ ಶೂವಿನ ಅಟ್ಟೆ ದಪ್ಪ, ಹೊಟ್ಟೆ ಬಂದಂತೆ ಬಾಗಿತ್ತು. ಒಳಅಟ್ಟೆಯಲ್ಲಿ ಬೆರಳುಗಳ ಬುಡಕ್ಕೆ ಸರಿಯಾಗಿ ಒಂದು ಹಳ್ಳ.

"ಬಂತಪ್ಪ ದೋಣಿ!" ಎಂದಿದ್ದ, ಅದನ್ನು ಹಾಕಿಕೊಂಡು ಹೋದ ಮೊದಲ ಸೋಮವಾರ, ಗೆಳೆಯ ಚೋನ್. "ಬಾ ಬಾ, ಲಂಗರು ಹಾಕು. ಯಾವ ಬಡಗಿ ಹೊಲಿದ್ನೋ ಇದನ್ನ?"

ಎಫ್ರೇನ್ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡಿದ್ದ. ಆ ವಾರ ಅಂಪಾರೊ ತಂಗಿಯ ಮನೆಗೆ ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಚರ್ಮ ಕೊಯ್ಯುವ ಹಳೆಯ ರಂಪಿಗೆ ಮಸೆದು, ಅಟ್ಟೆಯ ಹೊಟ್ಟೆ ಕೆತ್ತಿ ಇಳಿಸಿದ. ಹಳ್ಳಕ್ಕೆ ಕಾರ್ಕ್ ತುಂಬಿ, ಮೇಲೆ ಆಡಿನ ಚರ್ಮ ಅಂಟಿಸಿದ. ಅವನ ಕಣ್ಣಿಗೆ ಆ ಹಳ್ಳ ಕಸುಬು ಗೊತ್ತಿಲ್ಲದವನು ಬಿಟ್ಟ ದೋಷ. ಮುಂದಿನ ಸೋಮವಾರ ಯಾರೂ ಏನೂ ಅನ್ನಲಿಲ್ಲ. ಅವನಿಗೆ ಅಷ್ಟು ಸಾಕಾಗಿತ್ತು.

ಕೆಳಗಿನ ಶೂ ಕೋಣೆಯಿಂದ ರುತಿಲಿಯೊ ಏಪ್ರನ್ನಿನಲ್ಲೇ ಬಂದ. ಐವತ್ತು ದಾಟಿದ ಕುಳ್ಳ ಮನುಷ್ಯ. ಶೂ ತಿರುವಿ ನೋಡಿದ. ಒಳಗೆ ಕೈಯಿಟ್ಟು ಚರ್ಮದ ಅಂಚಿನ ಮೇಲೆ ಉಗುರು ಎಳೆದ. ಉಗುರು ಎಲ್ಲೂ ತಡೆಯಲಿಲ್ಲ. ಅವನು ಎಫ್ರೇನ್‌ನ ಮುಖ ನೋಡಲಿಲ್ಲ. ಮಂಡಿಯ ಮೇಲಿದ್ದ ಅವನ ಕೈಗಳನ್ನು ನೋಡಿದ.

"ತಪ್ಪು ನಂದೇ ಡಾಕ್ಟ್ರಮ್ಮ," ಎಂದ. "ಅಳತೆ ತಗೊಳ್ಳೋವಾಗ ಎಡವಿದೀನಿ."

"ಇವರ ಕಾಲು ಹೋದ್ರೆ ನೀನು ಕೊಡ್ತೀಯಾ?" ಎಂದಳು ಅಂಪಾರೊ.

ನೋಯೆಮಿ ಬರೆಯತೊಡಗಿದಳು. ಎಫ್ರೇನ್ ರುತಿಲಿಯೊ ಕಡೆಗೆ ಕೈ ಚಾಚಿದ.

"ರಂಪಿಗೆ ಇದೆಯೇನಪ್ಪ?" ಎಂದ.

"ಬೇಡ ಬಿಡಿ ಮೇಸ್ತ್ರಿ."

"ಕೊಡು."

ಶೂವನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಅವನು ಅಲಗನ್ನು ಚರ್ಮದ ಅಡಿಗೆ ತೂರಿಸಿದ. ಒಂದೇ ಎಳೆತಕ್ಕೆ ಚರ್ಮ ಎದ್ದಿತು. ಕಾರ್ಕಿನ ಬಿಲ್ಲೆ ನೆಲಕ್ಕೆ ಬಿದ್ದು ಉರುಳಿ ನೋಯೆಮಿಯ ಕುರ್ಚಿಯ ಕೆಳಗೆ ನಿಂತಿತು.

"ಇದು ನನ್ನ ಕೆಲಸ. ಇವನು ಮಾಡಿದ್ದು ಸರಿಯಾಗೇ ಇತ್ತು."

ನೋಯೆಮಿಯ ಪೆನ್ನು ನಿಂತಿತು. "ಯಾಕೆ?" ಎಂದಳು.

"ಚೆನ್ನಾಗಿ ಕಾಣ್ಲಿ ಅಂತ."

ಅಂಪಾರೊ ಕೈಚೀಲದಿಂದ ಇನ್ನೊಂದು ಬಿಳಿ ಕಾಲುಚೀಲ ತೆಗೆದು, ಬಗ್ಗಿ ಗಂಡನ ಕಾಲಿಗೆ ತೊಡಿಸತೊಡಗಿದಳು. ರುತಿಲಿಯೊ ಕಿತ್ತುಬಂದ ಚರ್ಮವನ್ನು ಬೆಳಕಿಗೆ ಹಿಡಿದಿದ್ದ.

"ಅಂಚು ಎಷ್ಟು ತೆಳ್ಳಗೆ ತೆಗ್ದಿದೀರಿ ಮೇಸ್ತ್ರಿ," ಎಂದ. "ನನ್ನ ಕೈಲಾಗಲ್ಲ."

ಎಫ್ರೇನ್ ತಲೆ ಎತ್ತಲಿಲ್ಲ.

ನೋಯೆಮಿ ಬರೆದಿದ್ದ ಹಾಳೆ ಹರಿದಳು. ಹುಣ್ಣಿನ ಮೇಲೆ ಭಾರ ಬೀಳದಂತೆ ಕಾಲಿಗೆ ಪ್ಲಾಸ್ಟರ್ ಹಾಕಿದರು. ಹುಣ್ಣು ಮುಚ್ಚಲು ಹದಿನಾಲ್ಕು ವಾರ ಹಿಡಿಯಿತು. ರುತಿಲಿಯೊ ಮತ್ತೊಂದು ಜೋಡು ಮಾಡಿಕೊಟ್ಟ. ಅದರ ಅಟ್ಟೆ ಮೊದಲಿನದಕ್ಕಿಂತ ದಪ್ಪವಾಗಿತ್ತು. ಮಾರ್ಚ್ ತಿಂಗಳ ಎರಡನೆಯ ಸೋಮವಾರ ಹನ್ನೊಂದು ಗಂಟೆಗೆ ಎಫ್ರೇನ್ ಅದನ್ನು ಹಾಕಿಕೊಂಡು ಮೂಲೆಯಂಗಡಿಗೆ ಹೋದ. ಮೊದಲು ಕಂಡವನು ಚೋನ್. "ದೋಣಿ ವಾಪಸ್ ಬಂತು!" ಎಂದು ಕೂಗಿದ. ಎಲ್ಲರೂ ಬಗ್ಗಿ ನೋಡಿದರು. ಎಫ್ರೇನ್ ಕುರ್ಚಿ ಎಳೆದುಕೊಂಡು ಕುಳಿತು, ಎಡಗಾಲನ್ನು ಮುಂದಕ್ಕೆ ಚಾಚಿದ.