ಹೊನ್ನಯ್ಯನ ಕೈಯ ಮಡಕೆ

ಕೆಲವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಜ್ಜಂಪುರದ ದಾಕ್ಷಾಯಣಮ್ಮನಿಗೆ ಅಲ್ಲಿರುವುದು ಅನುಮಾನ. ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಅವಳು ತೆಂಗಿನಕಾಯಿ ಕೊಂಡವಳಲ್ಲ. ಹಾಲಿನವನ ಎದುರಿಗೇ ಬೆರಳದ್ದಿ ನೋಡದೆ ಹಾಲು ಒಳಗೆ ಒಯ್ದವಳಲ್ಲ. ಇಂಥವಳು ಕಿರಿಮಗಳು ಕೃತಿಕಾಳ ಮದುವೆಗೆ ಐರಣಿ ಮಡಕೆ ತರಲು ಹೊರಟಿದ್ದಾಳೆಂದರೆ ಕುಂಬಾರರ ಪಾಡು ದೇವರಿಗೇ ಪ್ರೀತಿ ಅಂದುಕೊಂಡೇ ಮೈದುನ ರಾಜಶೇಖರ್ ಕಾರು ತೆಗೆದಿದ್ದ.

ಚಪ್ಪರದಲ್ಲಿ ನೀರು ತುಂಬಿಸಿ ಪೂಜೆಗಿಡುವ ಈ ಮಡಕೆಗಳನ್ನು ಅಂಗಡಿಯಿಂದ ತರುವ ಹಾಗಿಲ್ಲ. ಕುಂಬಾರರ ಮನೆಗೇ ಹೋಗಬೇಕು. ಮಡಕೆ ತಿರುಗಿಸುವ ತಿಗರಿಗೆ ಪೂಜೆ ಮಾಡಿ, ಮನೆಯೊಡತಿಗೆ ಅರಿಸಿನ ಕುಂಕುಮ, ಎಲೆ ಅಡಿಕೆ ಕೊಟ್ಟು, ಅವಳ ಕೈಯಿಂದಲೇ ಇಸಿದುಕೊಳ್ಳಬೇಕು. ಹಿರಿಮಗಳ ಮದುವೆಯಲ್ಲಿ ಅವಸರ ಅಂತ ಸಂತೆಯಲ್ಲಿ ಕೊಂಡು ತಂದಿದ್ದರು. ನೀರು ಹೊಯ್ಯುತ್ತಿದ್ದಂತೆ ಒಂದು ಮಡಕೆ ಸೀಳಿಕೊಂಡಿತು. ವರ್ಷ ತುಂಬುವುದರೊಳಗೆ ಮಗಳು ಗಂಡನ ಏಟು ತಿಂದು ತವರಿಗೆ ವಾಪಸಾದಳು. ನೆಂಟರೆಲ್ಲ ಮಡಕೆಯ ಮಾತೇ ಆಡಿದರು. ದಾಕ್ಷಾಯಣಮ್ಮನೂ ಅದನ್ನೇ ನಂಬಿದಳು. ಹುಡುಗನನ್ನು ನೋಡಲು ಹೋದ ದಿನ ತಾನು ಒಂದೇ ಒಂದು ಅನುಮಾನದ ಪ್ರಶ್ನೆ ಕೇಳಲಿಲ್ಲ ಎಂಬುದನ್ನು ನೆನೆಯುವುದಕ್ಕಿಂತ ಅದು ಸುಲಭವಾಗಿತ್ತು.

ಈ ಸಲ ಹೊನ್ನಯ್ಯನ ಕೈಯ ಮಡಕೆಯೇ ಆಗಬೇಕೆಂದು ಹಟ ಹಿಡಿದಿದ್ದಳು. ಅವಳ ಸ್ವಂತ ಮದುವೆಗೂ ಅವನೇ ಮಾಡಿಕೊಟ್ಟಿದ್ದು. ಅದರಲ್ಲೊಂದು ಇವತ್ತಿಗೂ ಹುಣಸೆಹಣ್ಣು ತುಂಬಿಕೊಂಡು ಅಟ್ಟದ ಮೇಲೆ ಕೂತಿದೆ. ಕಂಠದ ಕೆಳಗೆ ಹೆಬ್ಬೆರಳಿನಿಂದ ಒತ್ತಿದ ಒಂದು ಗುಳಿ, ಅದು ಹೊನ್ನಯ್ಯನ ಗುರುತು. ಹೋದ ತಿಂಗಳು ಹೇಳಲು ಹೋದಾಗ ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದ. "ನಿನ್ ಮಗಳ ಮದ್ವೆಗೆ ನಾನೇ ಮಾಡ್ಕೊಡ್ತೀನಿ ಕಣವ್ವ, ಬೇರೆ ಕೈ ಮುಟ್ಸಲ್ಲ" ಎಂದಿದ್ದ.

ಬೀರೂರು ರಸ್ತೆಯ ಆ ಮನೆಯ ಮುಂದೆ ಮೊಮ್ಮಗ ರಘು ಈಗ ತಿಗರಿ ಕೆಫೆ ಎಂದು ಬೋರ್ಡು ಹಾಕಿದ್ದಾನೆ. ಬೈಕಿನಲ್ಲಿ ಬಂದ ಕಾಲೇಜು ಹುಡುಗರು ಮಣ್ಣಿನ ಲೋಟ ಹಿಡಿದು ಫೋಟೊ ತೆಗೆದುಕೊಳ್ಳುತ್ತಿದ್ದರು. ಕೆಲಸದ ಹುಡುಗಿ ನಿಖಿತಾ ಟೀ ಸೋಸುತ್ತಿದ್ದಳು. ರಾಜಶೇಖರ್ ನೇರವಾಗಿ ಹೋಗಿ ಒಂದು ಕುರ್ಚಿ ಹಿಡಿದ.

ದಾಕ್ಷಾಯಣಮ್ಮ ಪಕ್ಕದ ಕೆಲಸದ ಚಪ್ಪರಕ್ಕೆ ಇಣುಕಿದಳು. ತಿಗರಿಯ ಮೇಲೆ ಗೋಣಿ ಮುಚ್ಚಿತ್ತು. ಕಲಸಿದ ಮಣ್ಣು ಒಣಗಿ ಬಾಯಿಬಿಟ್ಟಿತ್ತು. ಮಡಕೆ ಸುಡುವ ಆವಿಗೆಯ ಹತ್ತಿರ ಹೊಗೆಯೂ ಇಲ್ಲ, ಬಿಸಿಯೂ ಇಲ್ಲ. ಮೂಲೆಯಲ್ಲಿ ರಘು ಗಡ್ಡ ಬಿಟ್ಟುಕೊಂಡು, ತಲೆಗೆ ಟವೆಲು ಸುತ್ತಿಕೊಂಡು ಕೂತಿದ್ದ. ಇವಳನ್ನು ಕಂಡವನೇ ಮುಖ ತಿರುಗಿಸಿದ.

"ಅಜ್ಜ ಎಲ್ಲವ್ವ?" ಎಂದು ಕೇಳಿದಳು ಎದುರಿಗೆ ಬಂದ ರಘುವಿನ ಹೆಂಡತಿ ಭವ್ಯಳನ್ನು.

"ಇಲ್ಲ ಅಮ್ಮ... ಮಡಕೆ ರೆಡಿ ಐತೆ. ಅಲ್ಲಿ ಹುಲ್ಲಿನ್ ಮೇಲೆ ಇಡ್ಸಿದೀನಿ, ನೋಡಿ. ನೀವೇ ಎತ್ಕೊಳ್ಳಿ."

"ನಾನ್ಯಾಕೆ ಎತ್ಕೊಳ್ಳಲಿ? ನೀನು ಕೊಡ್ಬೇಕಲ್ವಾ? ಮೊದ್ಲು ಅರಿಸಿನ ಕುಂಕುಮ ತಗೋ."

ಭವ್ಯ ಎರಡು ಹೆಜ್ಜೆ ಹಿಂದೆ ಸರಿದಳು. ಕೈಯನ್ನು ಸೆರಗಿನೊಳಗೆ ಸೇರಿಸಿದಳು. "ಈಗ ಬೇಡ ಅಮ್ಮ. ತಿಗರಿ ಪೂಜೆನೂ ಬೇಡ. ಇನ್ನೊಂದು ದಿನ ಬಂದು ಮಾಡಿ, ನಮಗೇನೂ ಬೇಜಾರಿಲ್ಲ."

ಮುತ್ತೈದೆಯ ಕೈಯ ಕುಂಕುಮ ಬೇಡ ಅನ್ನುವ ಹೆಂಗಸನ್ನು ದಾಕ್ಷಾಯಣಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಅವಳ ತಲೆ ಚುರುಕಾಗಿ ಓಡತೊಡಗಿತು. ಮಣ್ಣು ಒಣಗಿದೆ, ಆವಿಗೆ ತಣ್ಣಗಿದೆ, ಗಂಡ ಮುಖ ತೋರಿಸುವುದಿಲ್ಲ, ಹೆಂಡತಿ ಕೈ ಚಾಚುವುದಿಲ್ಲ. ತಾವು ಮಾಡದ ಮಡಕೆಗೆ ಕುಂಕುಮ ತೆಗೆದುಕೊಳ್ಳಲು ಮನಸ್ಸು ಅಳುಕುತ್ತಿರಬೇಕು!

ಹುಲ್ಲಿನ ಮೇಲೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದ ಹೊಸ ಮಡಕೆಗಳಿದ್ದವು. ಗೆಣ್ಣಿನಿಂದ ಒಂದೊಂದನ್ನೂ ಬಾರಿಸಿದಳು. ಠಣ್ ಎಂದವು. ಅದರಲ್ಲೇನೂ ಕೊರತೆಯಿರಲಿಲ್ಲ. ಕಂಠದ ಕೆಳಗೆ ಬೆರಳಾಡಿಸಿದಳು. ಸುತ್ತಲೂ ನುಣ್ಣಗಿತ್ತು. ಗುಳಿ ಇರಲಿಲ್ಲ.

"ಇವು ಹೊನ್ನಯ್ಯ ಮಾಡಿದ್ದಲ್ಲ."

ಭವ್ಯ ತಲೆ ತಗ್ಗಿಸಿದಳು. "ಒಳ್ಳೆ ಮಡಕೆ ಅಮ್ಮ. ಹಿರೇನಲ್ಲೂರಲ್ಲಿ ನಮ್ಮಪ್ಪ ಮಾಡಿದ್ದು."

"ಅಂದ್ರೆ ಬೇರೆ ಕಡೆಯಿಂದ ತಂದು ಅಜ್ಜನ ಹೆಸ್ರಲ್ಲಿ ಮಾರ್ತಾ ಇದೀರಾ?" ದಾಕ್ಷಾಯಣಮ್ಮನ ದನಿ ಕೆಫೆಯವರೆಗೂ ಹೋಯಿತು. ಹುಡುಗರ ನಗು ನಿಂತಿತು. "ಇಲ್ಲಿ ಟೀ ಕುಡಿಯೋರಿಗೂ ಗೊತ್ತಾಗ್ಲಿ! ಮಣ್ಣು ಮುಟ್ಟದೆ ತಿಗರಿ ಅಂತ ಬೋರ್ಡ್ ಹಾಕೊಂಡಿದೀರಲ್ಲ! ನನ್ ದೊಡ್ ಮಗಳ ಬಾಳು ಹಿಂಗೇ ಯಾರೋ ಮಾಡಿದ್ ಮಡಕೆಯಿಂದ ಹಾಳಾಯ್ತು. ಕರಿ ಅಜ್ಜನ್ನ, ಅವನನ್ನೇ ಕೇಳ್ತೀನಿ!"

"ಅತ್ತಿಗೆ, ಸಾಕು ಬನ್ನಿ" ಎಂದು ರಾಜಶೇಖರ್ ಲೋಟ ಇಟ್ಟು ಎದ್ದ.

ಅಷ್ಟರಲ್ಲಿ ಅವಳು ಭವ್ಯಳನ್ನು ದಾಟಿ ನಡುಮನೆಗೆ ನುಗ್ಗಿಯಾಗಿತ್ತು. "ಒಳಗೆ ಬರ್ಬೇಡಿ ಅಮ್ಮ, ನಿಮ್ಮನೇಲಿ ಮದ್ವೆ ಐತೆ!" ಎಂದು ಭವ್ಯ ಹಿಂದಿನಿಂದ ಕೂಗಿದ್ದು ಕೇಳಿಸಿತು.

ಒಳಗೆ ಹೊನ್ನಯ್ಯನ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಮಂಚವಿದ್ದ ಜಾಗದಲ್ಲಿ ಒಂದು ಮಣ್ಣಿನ ಹಣತೆ ಉರಿಯುತ್ತಿತ್ತು. ಹಿಂದೆ ಅವನ ಫೋಟೊ, ಅದಕ್ಕೊಂದು ಹೂವಿನ ಹಾರ.

ದಾಕ್ಷಾಯಣಮ್ಮ ಬಾಗಿಲ ಕಡೆ ತಿರುಗಿದಳು.

"ಸೋಮವಾರ ಹೋದ್ರು" ಎಂದಳು ಭವ್ಯ, ಬಾಗಿಲಲ್ಲೇ ನಿಂತು. "ನಮಗೆ ಸೂತಕ. ಮಣ್ಣು ಮುಟ್ಟಂಗಿಲ್ಲ, ಕುಂಕುಮ ತಗೊಳ್ಳಂಗಿಲ್ಲ. ಮದ್ವೆ ಕೆಲಸಕ್ಕೆ ಬಂದೋರ ಮುಂದೆ ಸಾವಿನ ಮಾತು ಹೆಂಗೆ ಆಡೋದು ಅಂತ ಸುಮ್ನಿದ್ವಿ. ಅದಕ್ಕೇ ತವರಿಂದ ಬೇರೆ ಮಡಕೆ ತರ್ಸಿ, ನಿಖಿತಾ ಕೈಲಿ ಹೊರಗಿಡ್ಸಿದ್ದು. ಯಾರ್ ಮಾಡಿದ್ದು ಅಂತ ನೀವು ಕೇಳಿದ್ರೆ ಸುಳ್ಳು ಹೇಳ್ಬಾರ್ದು ಅಂತ ಇವ್ರು ಅಂದಿದ್ರು."

ದಾಕ್ಷಾಯಣಮ್ಮನಿಗೆ ನಾಚಿಕೆಯಾಯಿತು. ಲಿಂಗ ಕಟ್ಟಿದ ಮನೆಯಲ್ಲಿ ಹುಟ್ಟಿ, ಅಂಥದೇ ಮನೆ ಸೇರಿದವಳು. ಅವಳ ಮನೆಗಳಲ್ಲಿ ಸೂತಕವೆಂಬುದಿಲ್ಲ. ಸತ್ತ ಮರುದಿನವೇ ಪೂಜೆ, ಪ್ರಸಾದ. ಆ ಒಂದು ಕಾರಣ ಬಿಟ್ಟು ಲೋಕದಲ್ಲಿರುವ ಅನುಮಾನವೆಲ್ಲ ಅವಳ ತಲೆಗೆ ಹೊಳೆದಿತ್ತು.

"ಕೆಫೆ ತೆಗ್ದಿತ್ತಲ್ಲವ್ವ, ಅದಕ್ಕೆ..." ಎಂದು ತೊದಲಿದಳು.

"ತಾತನೇ ಹೇಳಿದ್ರು, ನಾನು ಹೋದ್ರೆ ಬಂದೋರ ಮುಖದ ಮೇಲೆ ಬಾಗ್ಲು ಹಾಕ್ಬೇಡಿ ಅಂತ. ನಿಖಿತಾ ನೋಡ್ಕೊತಾ ಅವಳೆ. ನಾವು ಆ ಕಡೆ ಹೋಗಲ್ಲ."

ಹಣತೆಯ ಪಕ್ಕದ ಮೂಲೆಯಲ್ಲಿ ಹುಲ್ಲಿನ ಮೇಲೆ ಇನ್ನೊಂದಷ್ಟು ಮಡಕೆಗಳಿದ್ದವು. ಅರ್ಧದಷ್ಟು ಮಡಕೆಗೆ ಸುಣ್ಣ ಬಳಿದಿತ್ತು. ಉಳಿದವು ಇನ್ನೂ ಬರಿಯ ಕೆಂಪು. ದಾಕ್ಷಾಯಣಮ್ಮ ಕೂತು ಒಂದರ ಕಂಠದ ಕೆಳಗೆ ಬೆರಳಿಟ್ಟಳು. ಗುಳಿಯೊಳಗೆ ಹೆಬ್ಬೆರಳು ಸರಿಯಾಗಿ ಕೂತಿತು. ಅವಳಿಗೆ ಅಳು ಬಂತು, ಅತ್ತಳು.

"ಇವನ್ನೇ ಕೊಡವ್ವ."

"ಸಾವಿನ ಮನೆ ಮಡಕೆ ಅಮ್ಮ! ನಿಮ್ ನೆಂಟ್ರು ಏನಂತಾರೆ?"

"ಅಂದ್ಕೊಳ್ಳಲಿ. ನನ್ ದೊಡ್ ಮಗಳನ್ನ ಹೊಡ್ದಿದ್ದು ಅವಳ ಗಂಡ, ಮಡಕೆ ಅಲ್ಲ. ಅವತ್ತು ಅವನನ್ನ ಒಂದ್ ಮಾತೂ ಕೇಳ್ದೇ ಇದ್ದೋಳು, ಇವತ್ತು ನಿನ್ನ ಬೀದಿಗೆ ಕೇಳೋ ಹಂಗೆ ಬೈದೆ. ನಮಗೆ ಸೂತಕ ಇಲ್ಲ ಕಣವ್ವ. ನಿನ್ ಕೈಯಿಂದ್ಲೇ ಕೊಡು."

"ನಮಗೈತಲ್ಲ ಅಮ್ಮ..."

"ಕೊಡು ಭವ್ಯ" ಎಂದ ರಘು ಹೊರಗಿನಿಂದ. ಅಷ್ಟು ಹೊತ್ತಿಗೆ ಅವನ ಬಾಯಿಂದ ಬಂದ ಮೊದಲ ಮಾತು ಅದು. "ತಾತ ಅವ್ರಿಗೇ ಅಂತ ಮಾಡಿದ್ದು."

ಭವ್ಯ ಸೆರಗಿನಿಂದ ಕೈ ಹೊರತೆಗೆದು ಮಡಕೆ ಎತ್ತಿದಳು. ದಾಕ್ಷಾಯಣಮ್ಮ ಎರಡೂ ಕೈಯೊಡ್ಡಿ ಇಸಿದುಕೊಂಡಳು. ಕುಂಕುಮದ ಮಾತೆತ್ತಿ ಮತ್ತೆ ಅವಳನ್ನು ಸಂಕಟಕ್ಕೆ ಸಿಕ್ಕಿಸಲಿಲ್ಲ; ಎಲೆ ಅಡಿಕೆಯನ್ನು ಗೋಣಿ ಮುಚ್ಚಿದ ತಿಗರಿಯ ಮುಂದಿಟ್ಟು ಕೈಮುಗಿದಳು. ಆಮೇಲೆ ಕೆಫೆಯ ನಡುವೆ ಹೋಗಿ ನಿಂತು, "ಆಗ್ಲೇ ನಾನು ಅಂದಿದ್ದು ತಪ್ಪು ಕಣ್ರಪ್ಪಾ. ಇವ್ರು ಮೋಸ ಮಾಡೋ ಜನ ಅಲ್ಲ" ಎಂದು ಕೂಗಿಯೇ ಹೇಳಿದಳು. ಬೈದದ್ದು ಎಷ್ಟು ದೂರ ಕೇಳಿಸಿತ್ತೋ ಇದೂ ಅಷ್ಟು ದೂರ ಕೇಳಿಸಬೇಕಿತ್ತು.

ಉಳಿದ ಮಡಕೆಗಳನ್ನು ಹಿಂದಿನ ಸೀಟಿನಲ್ಲಿ ಹುಲ್ಲು ಹಾಕಿ ಕೂರಿಸಿದರು. ಸುಣ್ಣ ಕಾಣದ ಒಂದನ್ನು ಮಾತ್ರ ದಾಕ್ಷಾಯಣಮ್ಮ ತೊಡೆಯ ಮೇಲಿಟ್ಟುಕೊಂಡು, ಕಂಠದ ಸುತ್ತ ಕೈ ಬಳಸಿ ಕೂತಳು. ಕಾರು ಅಜ್ಜಂಪುರದ ಕಡೆ ತಿರುಗಿದ ಮೇಲೆ ರಾಜಶೇಖರ್ ಮೆಲ್ಲಗೆ ಕೇಳಿದ.

"ಅತ್ತಿಗೆ, ಇವನ್ನ ಬಾರಿಸಿ ನೋಡ್ಲೇ ಇಲ್ಲ?"

"ಸುಮ್ನೆ ಗಾಡಿ ಓಡ್ಸೋ" ಎಂದಳು ದಾಕ್ಷಾಯಣಮ್ಮ. "ಹಳ್ಳ ಗಿಳ್ಳ ನೋಡ್ಕೊಂಡು ಹೋಗು."