ಮೂರು ಮುಚ್ಚಳ

ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮುಚ್ಚಳದಕ್ಕ ಎಂದೇ ಕರೆಯುತ್ತಿದ್ದರು. ಮೊಟ್ಟೆ ಜೋಡಿಸುವ ತಟ್ಟೆ, ನೆಲ, ಗಾಡಿ ತೊಳೆಯುವ ನೀರಿಗೆ ಕ್ರಿಮಿನಾಶಕ ಬೆರೆಸುವುದು ಅವಳ ಕೆಲಸ. ಬಕೆಟ್ಟಿಗೆ ನಾಲ್ಕು ಮುಚ್ಚಳ ಎಂದು ಗೋಡೆಯ ಮೇಲೆ ಬೆರಳುದಪ್ಪ ಅಕ್ಷರದಲ್ಲಿ ಬರೆದಿತ್ತು. ಅಕ್ಕ ಹಾಕುತ್ತಿದ್ದದ್ದು ಮೂರು.

ಕದ್ದು ಮಾರುವುದಕ್ಕಲ್ಲ, ಅಂಥ ಹೆಂಗಸಲ್ಲ ಅವಳು. ತಟ್ಟೆ ತೊಳೆಯುವ ನಾದಿನಿಗೆ ಉಬ್ಬಸ. ಎರಡು ವರ್ಷದ ಹಿಂದೆ ಔಷಧಿಯ ಘಾಟಿಗೆ ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟಿ ನೆಲಕ್ಕೆ ಕುಸಿದಿದ್ದಳು. ಮರುದಿನದಿಂದ ಒಂದು ಮುಚ್ಚಳ ಕಮ್ಮಿಯಾಯಿತು. ನೊರೆ ಮೊದಲಿನಷ್ಟೇ ಬಂತು, ನೆಲ ಮೊದಲಿನಷ್ಟೇ ಹೊಳೆಯಿತು. ಬಕೆಟ್ಟಿನಲ್ಲಿ ಮಿಕ್ಕ ನೀರನ್ನು ಸೀಸೆಗೆ ತುಂಬಿ ಮನೆಗೂ ಒಯ್ಯುತ್ತಿದ್ದಳು. ಒಂದು ಮುಚ್ಚಳಕ್ಕೆ ಯಾವ ಮಹಾ ಲೋಕ ಮುಳುಗುತ್ತದೆ ಎಂದುಕೊಂಡಳು, ಪಾಪ!

ಆ ಬೆಳಿಗ್ಗೆ ಲ್ಯಾಬಿನ ಮೇಡಂ ಕ್ರಿಮಿ ಬೆಳೆಸಿ ನೋಡುವ ಗಾಜಿನ ಬಿಲ್ಲೆಯೊಂದನ್ನು ಹಿಡಿದು ನೇರ ಅವಳ ಹತ್ತಿರವೇ ಬಂದಳು. ಬಿಲ್ಲೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು.

"ಅಕ್ಕಾ, ಇದು ತೊಳೆದ ತಟ್ಟೆಯಿಂದ ತೆಗೆದದ್ದು."

"ತೊಳೆದ ಮೇಲೂ ಇಷ್ಟೊಂದಾ?"

"ಈ ಬ್ಯಾಕ್ಟೀರಿಯಾದ ಜೀನಲ್ಲಿ ಒಂದು ಪಂಪ್ ಇದೆ ಅಂತ ಇಟ್ಕೊಳ್ಳಿ. ಒಳಗೆ ಬಂದ ಔಷಧಿನ ಹೊರಗೆ ಉಗೀತದೆ. ಅಳತೆ ಸರಿ ಇದ್ರೆ ಪಂಪಿಗೂ ಸುಸ್ತಾಗಿ ಸಾಯ್ತದೆ. ಕಮ್ಮಿಯಾದ್ರೆ ಪಂಪಿಲ್ಲದ್ದು ಮಾತ್ರ ಸಾಯ್ತದೆ, ಪಂಪಿರೋದು ಬೆಳೀತದೆ. ಸಾಲದ್ದಕ್ಕೆ ಆ ಜೀನನ್ನ ಪಕ್ಕದವಕ್ಕೂ ಹಂಚುತ್ತೆ. ನೀವು ನಾಲ್ಕೇ ತಾನೆ ಹಾಕೋದು?"

"ಮತ್ತೆ? ನಾಲ್ಕೇ!" ಬಾಯಿ ತಾನಾಗಿಯೇ ಸುಳ್ಳು ಹೇಳಿಬಿಟ್ಟಿತು.

"ಹಾಗಾದ್ರೆ ಇನ್ನೂ ಜೋರಿಂದು ತರಿಸ್ಬೇಕು. ಇನ್ನೊಂದು ವಿಷಯ. ಆ ಪಂಪಿನ ಜೊತೆಗೇ ಆಸ್ಪತ್ರೆ ಔಷಧಿಗೂ ಬಗ್ಗದ ಜೀನ್ ಅಂಟ್ಕೊಂಡು ಬಂದಿದೆ. ಮನುಷ್ಯರಿಗೆ ಹತ್ತಿದ್ರೆ ಕಷ್ಟ. ಇಲ್ಲಿಂದ ಯಾರೂ ಮರಿ ಮನೆಗೆ ಒಯ್ದಿಲ್ಲ ಅಲ್ವಾ?"

ಅಕ್ಕ ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟಳು.

ಮೂರು ದಿನದ ಹಿಂದೆ, ಎಸೆಯಬೇಕಿದ್ದ ಕುಂಟುಮರಿಯೊಂದನ್ನು ಸೆರಗಲ್ಲಿ ಮುಚ್ಚಿಕೊಂಡು ಮೊಮ್ಮಗಳಿಗೆ ಒಯ್ದಿದ್ದಳು. ಮಗು ಅದಕ್ಕೆ ಮುತ್ತು ಕೊಟ್ಟಿದ್ದೇ ಕೊಟ್ಟಿದ್ದು. ನಿನ್ನೆ ಸಂಜೆಯಿಂದ ಜ್ವರ, ಭೇದಿ. ಬಿಸಿಲಲ್ಲಿ ಕುಣಿದದ್ದಕ್ಕೆ ಎಂದು ಅಜ್ಜಿಯೇ ತೀರ್ಪು ಕೊಟ್ಟು ಕೆಲಸಕ್ಕೆ ಬಂದಿದ್ದಳು.

ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿದಳು.

"ಆಸ್ಪತ್ರೇಲಿದ್ದೀವಿ ಕಣಮ್ಮ. ಭೇದೀಲಿ ರಕ್ತ ಬರ್ತಿದೆ. ಕೊಟ್ಟ ಔಷಧಿ ಕೇಳ್ತಾನೇ ಇಲ್ಲ. ಏನು ತಿಂದ್ಳು, ಏನು ಮುಟ್ಟಿದ್ಳು ಅಂತ ಡಾಕ್ಟ್ರು ಕೇಳ್ತಿದ್ದಾರೆ. ನನಗೇನೂ ತೋಚ್ತಿಲ್ಲ."

ಗಾಜಿನಾಚೆ ನಾದಿನಿ ತಟ್ಟೆ ತೊಳೆಯುತ್ತ ಯಾರದೋ ಮಾತಿಗೆ ನಗುತ್ತಿದ್ದಳು. ನಿಜ ಹೇಳಿದರೆ ಇಬ್ಬರ ಕೆಲಸಕ್ಕೂ ಕಲ್ಲು. ನಾಳೆಯಿಂದ ನಾಲ್ಕು ಮುಚ್ಚಳ, ನಾಳೆಯಿಂದ ಮತ್ತೆ ಆ ಕೆಮ್ಮು. ಹೇಳದಿದ್ದರೆ? ಯೋಚಿಸಲಿಕ್ಕೂ ಅವಳಿಗೆ ಭಯವಾಯಿತು.

"ಮೇಡಂ," ಅಕ್ಕ ಬಿಲ್ಲೆಯನ್ನೇ ನೋಡುತ್ತ ಹೇಳಿದಳು. "ಮೂರು. ಎರಡು ವರ್ಷದಿಂದ ಮೂರೇ ಹಾಕ್ತಿದ್ದೀನಿ. ಮರಿ ಒಯ್ದದ್ದೂ ನಾನೇ. ನನ್ನ ಮೊಮ್ಮಗಳು ಆಸ್ಪತ್ರೇಲಿದ್ದಾಳೆ."

ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗಲ್ಲ, ಯಾವುದಕ್ಕೆ ಬಗ್ಗೀತು ಎಂದು ಚೀಟಿಯಲ್ಲಿ ಬರೆದು, "ಓಡಿ, ಡಾಕ್ಟರ ಕೈಗೇ ಕೊಡಿ" ಎಂದಳು.

ಡಾಕ್ಟರು ಚೀಟಿ ಓದಿ ನರ್ಸನ್ನು ಕೂಗಿ ಬಾಟಲಿ ಬದಲಿಸಿದರು. "ನಾಳೆವರೆಗೆ ಏನೂ ಹೇಳಕ್ಕಾಗಲ್ಲ" ಎಂದಷ್ಟೇ ಅಂದರು. ಮಗು ಹಾಸಿಗೆಯಲ್ಲಿ ಬಾಡಿದ ಸೊಪ್ಪಿನಂತೆ ಮಲಗಿತ್ತು. ಅಜ್ಜಿಯನ್ನು ಕಂಡು ಕಣ್ಣು ಬಿಟ್ಟಿತು. ಅಮ್ಮ ಬೈದಿರಬೇಕು, ತುಟಿ ಅದುರುತ್ತಿತ್ತು.

"ಅಜ್ಜಿ, ನಾನು ಕೊಳಕು ಮಾಡ್ಕೊಂಡಿಲ್ಲ. ಮರಿ ಮುಟ್ಟಿದಾಗೆಲ್ಲ ಕೈ ತೊಳ್ಕೊಂಡೆ. ನೀನು ಫ್ಯಾಕ್ಟರಿಯಿಂದ ತರ್ತೀಯಲ್ಲ, ಆ ಔಷಧಿ ನೀರಲ್ಲೇ."

ಹಣೆ ಮುಟ್ಟಲು ಚಾಚಿದ್ದ ಕೈಯನ್ನು ಅಜ್ಜಿ ಹಿಂದಕ್ಕೆ ಎಳೆದುಕೊಂಡಳು.